ಕಣ್ಣು ಮುಂದೆ, ಬ್ಯಾಟು ಹಿಂದೆ



ಸಂಜೆ ಹೊತ್ತು ನಮ್ಮ ಮೈಸೂರಿನ ಯಾವ ಬಡಾವಣೆಗೆ ಬೇಕಾದರೂ ಹೋಗಿ ನೋಡಿ. ಅಶೋಕಪುರಂ ಇರಲಿ, ಗಾಂಧಿನಗರ ಇರಲಿ, ಕುವೆಂಪುನಗರ ಇರಲಿ. ಮಕ್ಕಳು ಶಟಲ್ ಆಡ್ತಾ ಇರ್ತಾರೆ. ಎರಡು ಕಂಬಗಳ ನಡುವೆ ಹಗ್ಗ ಕಟ್ಟಿದರೆ ಅದೇ ಬಲೆ. ಹಗ್ಗ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದ ಗೆರೆ.

ಸ್ವಲ್ಪ ಹೊತ್ತು ನಿಂತು ನೋಡಿದರೆ ಒಂದು ವಿಷಯ ಕಾಣುತ್ತೆ. ಗಟ್ಟಿಮುಟ್ಟಾದ ಹುಡುಗ ಬ್ಯಾಟನ್ನು ಜೋರಾಗಿ ಬೀಸ್ತಾನೆ. ಶಟಲ್ ಹಗ್ಗಕ್ಕೆ ಬಡಿಯುತ್ತೆ. ಇಲ್ಲ, ಚರಂಡಿಗೆ ಬೀಳುತ್ತೆ. ಎದುರಿಗೆ ಸಣ್ಣ ಮೈಯ ಹುಡುಗಿ. ಅವಳು ಹೆಚ್ಚು ಓಡೋದೇ ಇಲ್ಲ. ಆದರೆ ಶಟಲ್ ಬರುವ ಕಡೆ ಮೊದಲೇ ನಿಂತಿರ್ತಾಳೆ. ಟಕ್ ಅಂತ ಹೊಡೀತಾಳೆ. ಅಂಕ ಅವಳಿಗೆ!

ಇದು ಹೇಗೆ? ಬಲ ಇದ್ದವನು ಯಾಕೆ ಸೋಲ್ತಾನೆ? ಈ ಪಾಠದಲ್ಲಿ ನಾವು ಅದನ್ನೇ ತಿಳಿಯೋಣ.

ಆಟದ ಪರಿಚಯ

ಈ ಆಟದ ಹೆಸರು ಬ್ಯಾಡ್ಮಿಂಟನ್. ನಾವು ಬ್ಯಾಟು ಅನ್ನೋದಕ್ಕೆ ಸರಿಯಾದ ಹೆಸರು ರಾಕೆಟ್. ಮೈಸೂರಿನ ಹಳಬರಿಗೆ ಬ್ಯಾಡ್ಮಿಂಟನ್ ಅಂದರೆ ಬಾಲ್ ಬ್ಯಾಡ್ಮಿಂಟನ್ ನೆನಪಾಗಬಹುದು. ಅದು ಹಳದಿ ಉಣ್ಣೆ ಚೆಂಡಿನ ಆಟ. ಒಂದೊಂದು ಕಡೆ ಐದು ಜನ ಆಡ್ತಾರೆ. ಅದು ಬೇರೆ, ಇದು ಬೇರೆ. ಇದು ಗರಿಯ ಶಟಲ್ ಆಟ. ಒಂದೊಂದು ಕಡೆ ಒಬ್ಬರು, ಇಲ್ಲವೇ ಇಬ್ಬರು.

ಅಂಕಣದ ಉದ್ದ 13.40 ಮೀಟರ್. ನಡುವೆ ಬಲೆ. ಬಲೆಯ ಎತ್ತರ ಮಧ್ಯದಲ್ಲಿ 5 ಅಡಿ. ಶಟಲ್‌ಗೆ 16 ಗರಿ. ಅದರ ತೂಕ ಸುಮಾರು 5 ಗ್ರಾಂ. ಅಂದರೆ ಒಂದು ಟೀ ಚಮಚ ನೀರಿನಷ್ಟು ಮಾತ್ರ!

ಸ್ಮ್ಯಾಷ್ ಅಂದರೆ ಏನು?

ಎದುರಿನವರು ಶಟಲನ್ನು ಮೇಲಕ್ಕೆ ಎತ್ತಿ ಕಳಿಸ್ತಾರೆ. ಅದು ತಲೆಯ ಮೇಲೆ ಬರುತ್ತೆ. ಆಗ ಅದನ್ನು ಜೋರಾಗಿ, ಕೆಳಮುಖವಾಗಿ ಹೊಡೆಯುವುದೇ ಸ್ಮ್ಯಾಷ್. ಬಲೆ ದಾಟಿದ ಶಟಲ್ ನೇರ ನೆಲದ ಕಡೆ ಇಳಿಯುತ್ತೆ. ಅದು ನೆಲಕ್ಕೆ ಬಿದ್ದರೆ ಅಂಕ ನಮ್ಮದು.

ಸ್ಮ್ಯಾಷ್ ಎಷ್ಟು ವೇಗವಾಗಿ ಹೋಗುತ್ತೆ ಗೊತ್ತೇ? ನಮ್ಮ ದೇಶದ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಜಪಾನಿನಲ್ಲಿ ಒಂದು ಸ್ಮ್ಯಾಷ್ ಹೊಡೆದರು. ಅದರ ವೇಗ ಗಂಟೆಗೆ 565 ಕಿಲೋಮೀಟರ್! ಅದು ಗಿನ್ನೆಸ್ ದಾಖಲೆ ಆಯಿತು. ಅದೇ ವೇಗದಲ್ಲಿ ಹೋದರೆ ಮೈಸೂರಿನಿಂದ ಬೆಂಗಳೂರಿಗೆ ಸುಮಾರು 15 ನಿಮಿಷ ಸಾಕು.

ಆದರೆ ಒಂದು ಮಾತು ಗಮನಿಸಿ. ಇದು ಪಂದ್ಯದಲ್ಲಿ ಅಳೆದ ವೇಗ ಅಲ್ಲ. ಅಳತೆಗೆಂದೇ ಏರ್ಪಾಟು ಮಾಡಿದ ಜಾಗದಲ್ಲಿ ಹೊಡೆದದ್ದು. ಶಟಲ್ ಬ್ಯಾಟಿನಿಂದ ಹೊರಟ ಆ ಗಳಿಗೆಯ ವೇಗ ಅದು. ಆಮೇಲೆ ಗರಿಗಳು ಗಾಳಿಯನ್ನು ತಡೆಯುತ್ತವೆ. ವೇಗ ಬೇಗ ಬೇಗ ಇಳಿಯುತ್ತೆ. ಎದುರಿನವರನ್ನು ಮುಟ್ಟುವಾಗ ಅರ್ಧದಷ್ಟೂ ಉಳಿದಿರೋದಿಲ್ಲ.

ಹಾಗಿದ್ದರೂ ದೊಡ್ಡ ಆಟಗಾರರ ಸ್ಮ್ಯಾಷ್ ಎದುರಿನವರ ಹತ್ತಿರ ಬರಲು ಅರ್ಧ ಸೆಕೆಂಡೂ ಬೇಡ. ನಮ್ಮ ಕಣ್ಣು ನೋಡಿ, ಮೆದುಳು ತಿಳಿದು, ಕೈ ಅಲ್ಲಾಡಲು ಶುರು ಮಾಡೋದಕ್ಕೇ ಸುಮಾರು 0.2 ಸೆಕೆಂಡು ಬೇಕು. ಇನ್ನು ಕಾಲು ಎತ್ತಿ ಇಡಲು, ಬ್ಯಾಟು ಚಾಚಲು ಹೊತ್ತೆಲ್ಲಿ? ಈ ಪ್ರಶ್ನೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಉತ್ತರ ಮುಂದೆ ಬರುತ್ತೆ.

ಸ್ಮ್ಯಾಷ್ ಹೊಡೆಯುವ ಬಗೆ

ಸ್ಮ್ಯಾಷ್ ಬರೀ ತೋಳಿನ ಕೆಲಸ ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಮಾವಿನಕಾಯಿಗೆ ಕಲ್ಲು ಹೊಡೆಯುವ ಹುಡುಗನನ್ನು ನೋಡಿ. ಅವನು ಒಂದು ಕಾಲು ಹಿಂದಕ್ಕೆ ಇಡ್ತಾನೆ. ಮೈ ಓರೆ ಮಾಡ್ತಾನೆ. ಆಮೇಲೆ ಸೊಂಟ ತಿರುಗುತ್ತೆ. ಅದರ ಹಿಂದೆ ಭುಜ, ಭುಜದ ಹಿಂದೆ ಮೊಣಕೈ. ಕೊನೆಗೆ ಬೆರಳು. ಕಾಲಿನಿಂದ ಹೊರಟ ಬಲ ಬೆರಳಿಗೆ ಬಂದು ಸೇರುತ್ತೆ. ಸ್ಮ್ಯಾಷ್ ಕೂಡ ಹೀಗೇ.

ಒಗೆಯುವ ಕಲ್ಲಿನ ಮೇಲೆ ಬಟ್ಟೆ ಎತ್ತಿ ಒಗೆಯುವ ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು. ಬರೀ ಕೈಯಲ್ಲಿ ಒಗೆದರೆ ಎರಡು ಸೀರೆಗೇ ತೋಳು ಸೋಲುತ್ತೆ. ಸೊಂಟ, ಭುಜ ಸೇರಿಸಿ ಒಗೆದರೆ ಒಂದು ರಾಶಿ ಬಟ್ಟೆ ಮುಗಿಯುತ್ತೆ.

ಈಗ ಒಂದೊಂದಾಗಿ ನೋಡೋಣ. ಬಲಗೈಯಲ್ಲಿ ಆಡುವವರಿಗೆ ಬರೆದಿದ್ದೇವೆ. ಎಡಗೈಯವರು ತಿರುಗಿಸಿ ಓದಿಕೊಳ್ಳಿ.

1. ಹಿಡಿತ: ಯಾರಿಗಾದರೂ ಕೈ ಕುಲುಕುವ ಹಾಗೆ ಬ್ಯಾಟು ಹಿಡಿಯಿರಿ. ದೋಸೆ ಮಗುಚುವ ಕೈ ಹಿಡಿದ ಹಾಗೆ ಚಪ್ಪಟೆಯಾಗಿ ಹಿಡಿಯಬೇಡಿ. ಕೋಳಿಮರಿ ಹಿಡಿದಷ್ಟು ಮೆತ್ತಗೆ ಇರಲಿ. ಶಟಲ್ ತಗಲುವ ಗಳಿಗೆಯಲ್ಲಿ ಮಾತ್ರ ಬಿಗಿ ಮಾಡಿ.

2. ಕಾಲು: ಶಟಲ್ ಮೇಲೆ ಹೋದ ಕೂಡಲೇ ಅದರ ಕೆಳಗೆ, ಇನ್ನೂ ಸ್ವಲ್ಪ ಹಿಂದೆ ಹೋಗಿ ನಿಲ್ಲಿ. ಬಲಗಾಲು ಹಿಂದೆ ಇರಲಿ. ಮೈ ಓರೆ ಇರಲಿ.

3. ಎಡಗೈ: ಎಡಗೈಯನ್ನು ಮೇಲೆ ಎತ್ತಿ. ಬರುವ ಶಟಲನ್ನು ಬೆರಳಿಟ್ಟು ತೋರಿಸಿದ ಹಾಗೆ. ಇದರಿಂದ ಮೈ ತೂಕ ತಪ್ಪೋದಿಲ್ಲ. ಗುರಿಯೂ ಸಿಗುತ್ತೆ.

4. ತಗಲುವ ಜಾಗ: ಶಟಲ್ ತಲೆಗಿಂತ ಮೇಲೆ, ಸ್ವಲ್ಪ ಮುಂದೆ ಇರುವಾಗ ಹೊಡೀಬೇಕು. ಕೈ ಪೂರ್ತಿ ಚಾಚಿರಬೇಕು. ತಲೆಯ ಹಿಂದೆ ಹೋದ ಶಟಲ್‌ಗೆ ಸ್ಮ್ಯಾಷ್ ಹೊಡೆದರೆ ಅದು ಕೆಳಗೆ ಇಳಿಯೋದಿಲ್ಲ.

5. ಮುಂಗೈ: ಕೊನೆಯಲ್ಲಿ ಮುಂಗೈಯನ್ನು ಸರ್ರನೆ ತಿರುಗಿಸಬೇಕು. ಬೀಗದ ಕೈ ತಿರುಗಿಸುವ ಹಾಗೆ. ಸ್ಮ್ಯಾಷ್‌ನ ಚುರುಕು ಬಹಳ ಮಟ್ಟಿಗೆ ಇಲ್ಲಿಂದಲೇ ಬರೋದು.

ಬೇಗ ಹೊಡೆಯುವ ಸ್ಮ್ಯಾಷ್

ಇನ್ನೊಂದು ಬಗೆ ಇದೆ. ಬ್ಯಾಟನ್ನು ಬೆನ್ನ ಹಿಂದೆ ದೂರ ಒಯ್ಯಬೇಡಿ. ಚಿಕ್ಕದಾಗಿ ಬೀಸಿ. ಮುಂಗೈ, ಬೆರಳು ಎರಡರಿಂದಲೇ ಟಕ್ ಅಂತ ಹೊಡೆಯಿರಿ. ಇದಕ್ಕೆ ವೇಗ ಕಡಿಮೆ. ಆದರೆ ಇದು ಬೇಗ ಹೊರಡುತ್ತೆ.

ವೇಗ ಬೇರೆ, ಬೇಗ ಬೇರೆ. ಈ ವ್ಯತ್ಯಾಸ ತಿಳಿದರೆ ಅರ್ಧ ಆಟ ತಿಳಿದಂತೆ. ದೊಡ್ಡದಾಗಿ ಬೀಸಿದರೆ ಎದುರಿನವರಿಗೆ ಸೂಚನೆ ಸಿಗುತ್ತೆ. 'ಓಹೋ, ಸ್ಮ್ಯಾಷ್ ಬಂತು' ಅಂತ ಅವರು ಸಿದ್ಧ ಆಗ್ತಾರೆ. ಚಿಕ್ಕ ಬೀಸಿನಲ್ಲಿ ಆ ಸೂಚನೆ ಇಲ್ಲ. ಅವರು ಮೂಲೆಯಿಂದ ನಡುವಿಗೆ ಬರುವಷ್ಟರಲ್ಲಿ ಶಟಲ್ ನೆಲದ ಮೇಲೆ ಇರುತ್ತೆ.

ಎಲ್ಲಿಗೆ ಹೊಡೀಬೇಕು? ಎದುರಿನವರು ಕಾಯುತ್ತಿರುವ ಜಾಗಕ್ಕಂತೂ ಅಲ್ಲ. ಪಕ್ಕದ ಗೆರೆಯ ಹತ್ತಿರ ಹೊಡೆಯಬಹುದು. ಇಲ್ಲವೇ ಅವರ ಬ್ಯಾಟಿನ ಕೈ ಕಡೆಯ ಸೊಂಟಕ್ಕೆ ನೇರವಾಗಿ ಹೊಡೆಯಬಹುದು. ಅಲ್ಲಿಗೆ ಬಂದರೆ ಕೈ ಮಡಚಲು ಜಾಗ ಸಿಗದೆ ಅವರು ತಡವರಿಸ್ತಾರೆ.

ಹೊಡೆದು ನೋಡ್ತಾ ನಿಲ್ಲಬೇಡಿ. ಹೊಡೆದ ಕೂಡಲೇ ಎರಡು ಹೆಜ್ಜೆ ಮುಂದೆ ಬನ್ನಿ. ಸ್ಮ್ಯಾಷ್‌ಗೆ ಸಿಗುವ ಉತ್ತರ ಬಹಳ ಸಲ ಮೆತ್ತಗೆ, ಬಲೆಯ ಹತ್ತಿರವೇ ಬರುತ್ತೆ. ಎರಡನೇ ಹೊಡೆತದಲ್ಲಿ ಅಂಕ ಸಿಗುತ್ತೆ.

ಮೊದಲೇ ಗ್ರಹಿಸೋದು

ಈಗ ಹಿಂದೆ ಕೇಳಿದ ಪ್ರಶ್ನೆಗೆ ಬರೋಣ. ಅರ್ಧ ಸೆಕೆಂಡಿನಲ್ಲಿ ಸ್ಮ್ಯಾಷ್ ತಡೆಯೋದು ಹೇಗೆ?

ಅಂಗಳದಲ್ಲಿ ರಾಗಿ ಒಣಗಲು ಹಾಕಿರ್ತೀರಿ. ಮಳೆ ಹನಿ ಬಿದ್ದ ಮೇಲೆ ಓಡಿದರೆ ರಾಗಿ ನೆನೆಯುತ್ತೆ. ಅನುಭವ ಇದ್ದವರು ಹನಿಗೆ ಕಾಯೋದಿಲ್ಲ. ಮೋಡದ ಬಣ್ಣ ನೋಡ್ತಾರೆ, ಗಾಳಿಯ ತಂಪು ನೋಡ್ತಾರೆ. ಮೊದಲೇ ರಾಗಿ ಒಳಗೆ ಸೇರುತ್ತೆ. ಆಟದಲ್ಲೂ ಇದೇ. ಶಟಲ್ ಹೊರಟ ಮೇಲೆ ನೋಡುವವರು ತಡವಾಗ್ತಾರೆ. ಶಟಲ್ ಹೊರಡುವ ಮೊದಲೇ ನೋಡುವವರು ಗೆಲ್ತಾರೆ.

ಬ್ರೂಸ್ ಅಬರ್ನೆತಿ, ಡೇವಿಡ್ ರಸೆಲ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ 1987ರಲ್ಲಿ ಪ್ರಕಟಿಸಿದರು. ಬ್ಯಾಡ್ಮಿಂಟನ್ ಆಡುವವರ ಚಿತ್ರ ತೋರಿಸಿ, ಹೊಡೆತದ ಆಸುಪಾಸಿನಲ್ಲಿ ಚಿತ್ರ ನಿಲ್ಲಿಸಿದರು. 'ಶಟಲ್ ಎಲ್ಲಿ ಬೀಳುತ್ತೆ ಹೇಳಿ' ಅಂದರು. ಹೊಸಬರು ಬ್ಯಾಟಿನಿಂದ ಮಾತ್ರ ಸೂಚನೆ ಹಿಡಿದರು. ನುರಿತವರು ಬ್ಯಾಟಿನಿಂದಲೂ ಹಿಡಿದರು, ಅದನ್ನು ಹಿಡಿದ ತೋಳಿನಿಂದಲೂ ಹಿಡಿದರು. ತೋಳು ಬ್ಯಾಟಿಗಿಂತ ಮೊದಲೇ ಚಲಿಸುತ್ತೆ ಅಲ್ಲವೇ? ಹಾಗಾಗಿ ಅವರಿಗೆ ಮೊದಲೇ ತಿಳಿಯುತ್ತಿತ್ತು.

ಅಕ್ಷರ ಕಲಿಯುವಾಗ ನಮಗೂ ಹೀಗೇ ಆಯಿತಲ್ಲ! ಮೊದಮೊದಲು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆವು. ಆಮೇಲೆ ಅರ್ಧ ಪದ ಕಂಡರೆ ಪೂರ್ತಿ ಪದ ಹೊಳೆಯಿತು. ಆಟಗಾರರು ಎದುರಿನವರ ಮೈಯನ್ನು ಹೀಗೆ ಓದುತ್ತಾರೆ.

ಏನೇನು ನೋಡಬೇಕು?

- ಅವರ ಭುಜ, ಮೊಣಕೈ ನೋಡಿ. ಭುಜ ಪೂರ್ತಿ ತಿರುಗಿ ಮೊಣಕೈ ಮೇಲೆ ಹೋದರೆ ಸ್ಮ್ಯಾಷ್ ಬರಬಹುದು.
- ಅವರು ನಿಂತ ಜಾಗ ನೋಡಿ. ಶಟಲ್ ಅವರ ಹಿಂದೆ ಹೋಗಿದ್ದರೆ ಜೋರು ಸ್ಮ್ಯಾಷ್ ಕಷ್ಟ. ಶಟಲ್ ಅವರ ಮುಂದೆ, ಎತ್ತರದಲ್ಲಿ ಇದ್ದರೆ ಎಚ್ಚರ!
- ನಾವು ಏನು ಕಳಿಸಿದೆವು ಅಂತ ನೆನಪಿಡಿ. ನಾವು ಗಿಡ್ಡವಾಗಿ ಎತ್ತಿ ಕೊಟ್ಟರೆ ಸ್ಮ್ಯಾಷ್ ಬಂದೇ ಬರುತ್ತೆ. ಬಲೆಯ ಪಕ್ಕ ಇಳಿಸಿದರೆ ಅವರು ಮೇಲೆ ಎತ್ತಲೇಬೇಕು, ಇಲ್ಲವೇ ಬಲೆಯ ಹತ್ತಿರವೇ ಹಿಂದಿರುಗಿಸಬೇಕು. ಅಂದರೆ ಎದುರಿನವರ ಮುಂದಿನ ಹೊಡೆತ ಅರ್ಧ ನಮ್ಮ ಕೈಯಲ್ಲೇ ಇದೆ.
- ಅವರ ಅಭ್ಯಾಸ ನೋಡಿ. ಒಂದೇ ಮೂಲೆಯಿಂದ ಪ್ರತಿ ಸಲ ಒಂದೇ ಹೊಡೆತ ಹೊಡೆಯುವವರು ಬಹಳ ಜನ.

ಎದುರಿನವರು ಹೊಡೆಯುವ ಗಳಿಗೆಯಲ್ಲಿ ನೀವು ಎರಡೂ ಕಾಲಿನ ಮೇಲೆ ಒಂದು ಪುಟ್ಟ ನೆಗೆತ ನೆಗೆಯಿರಿ. ಮೊಣಕಾಲು ಸ್ವಲ್ಪ ಬಗ್ಗಿರಲಿ. ಆಗ ಯಾವ ಕಡೆಗಾದರೂ ಚಿಮ್ಮಬಹುದು. ಬ್ಯಾಟು ಸೊಂಟದ ಎತ್ತರದಲ್ಲಿ, ಮೈಯ ಮುಂದೆ ಇರಲಿ. ಸ್ಮ್ಯಾಷ್ ತಡೆಯಲು ಬೀಸಬೇಕಾಗಿಲ್ಲ. ಬ್ಯಾಟು ಒಡ್ಡಿದರೆ ಸಾಕು. ಅವರ ಬಲವೇ ಶಟಲನ್ನು ವಾಪಸ್ ಕಳಿಸುತ್ತೆ.

ಇನ್ನೊಂದು ಎಚ್ಚರಿಕೆ. ಗ್ರಹಿಸೋದು ಬೇರೆ, ಜೂಜಾಡೋದು ಬೇರೆ. ಸೂಚನೆ ಏನೂ ಕಾಣದೆ 'ಆ ಕಡೆ ಬರಬಹುದು' ಅಂತ ಓಡಿದರೆ ಅದು ಜೂಜು. ಜಾಣ ಆಟಗಾರ ಖಾಲಿ ಜಾಗಕ್ಕೆ ಶಟಲ್ ಹಾಕಿ ನಗ್ತಾನೆ.

ಲಂಡನ್ನಿನ ಒಂದು ಪಂದ್ಯ

ಈ ಎರಡು ವಿದ್ಯೆಗಳೂ ಎದುರುಬದುರಾದ ಒಂದು ಪಂದ್ಯದ ಕಥೆ ಕೇಳಿ.

ಪ್ರಕಾಶ್ ಪಡುಕೋಣೆ ಹುಟ್ಟಿದ್ದು 1955ರಲ್ಲಿ, ಬೆಂಗಳೂರಿನಲ್ಲಿ. ಅವರ ಮನೆತನದ ಊರು ಕುಂದಾಪುರದ ಕಡೆಯ ಪಡುಕೋಣೆ. ಆಗ ನಮ್ಮ ರಾಜ್ಯಕ್ಕೆ ಮೈಸೂರು ರಾಜ್ಯ ಅಂತಲೇ ಹೆಸರು. ಪ್ರಕಾಶರ ತಂದೆ ರಮೇಶ್ ಪಡುಕೋಣೆ ಅವರು ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿ ಆಗಿದ್ದರು.

ಹುಡುಗ ಕಲಿತದ್ದು ಎಲ್ಲಿ? ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣದಲ್ಲಿ. ಅದು ಮದುವೆ ನಡೆಯುವ ಜಾಗವೂ ಹೌದು. ಮದುವೆ ಇದ್ದ ದಿನ ಆಟ ಇಲ್ಲ. ಮದುವೆ ಇಲ್ಲದ ದಿನ ಶಾಲೆ ಬಿಟ್ಟ ಕೂಡಲೇ ಮಕ್ಕಳು ಅಲ್ಲಿಗೆ ಓಡುತ್ತಿದ್ದರು. ಅಷ್ಟೇ ಅನುಕೂಲ. ಅದರಲ್ಲೇ ಬೆಳೆದು ಅವರು ರಾಷ್ಟ್ರೀಯ ಪ್ರಶಸ್ತಿಯನ್ನು ಸತತ 9 ಸಲ ಗೆದ್ದರು. 1978ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ ತಂದರು.

1980ರ ಮಾರ್ಚ್ ತಿಂಗಳು. ಲಂಡನ್ನಿನ ವೆಂಬ್ಲಿಯಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾವಳಿ. ಅದು 1899ರಿಂದ ನಡೆದು ಬಂದ ಪಂದ್ಯಾವಳಿ. ಕೊನೆಯ ಪಂದ್ಯದಲ್ಲಿ ಪ್ರಕಾಶರ ಎದುರಿಗೆ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಕಿಂಗ್ 1978ರಲ್ಲೂ ಗೆದ್ದಿದ್ದರು, 1979ರಲ್ಲೂ ಗೆದ್ದಿದ್ದರು. ಗಾಳಿಯಲ್ಲಿ ನೆಗೆದು ಸ್ಮ್ಯಾಷ್ ಹೊಡೆಯೋದರಲ್ಲಿ ಅವರು ಹೆಸರುವಾಸಿ. ಆ ಹೊಡೆತಕ್ಕೆ ಜನ 'ಕಿಂಗ್ ಸ್ಮ್ಯಾಷ್' ಅಂತಲೇ ಕರೆಯುತ್ತಿದ್ದರು.

ಪ್ರಕಾಶರ ಆಟ ಬೇರೆ ಬಗೆ. ಮೆತ್ತಗಿನ ಕೈ. ಜೋರಾಗಿ ಹೊಡೆಯುವವರ ಹಾಗೆ ನಿಂತು ಅರ್ಧ ಬಲದ ಸ್ಮ್ಯಾಷ್ ಹೊಡೀತಿದ್ದರು. ಅದೇ ನಿಲುವಿನಲ್ಲಿ ಶಟಲನ್ನು ಬಲೆಯ ಪಕ್ಕ ಇಳಿಸ್ತಿದ್ದರು. ಕೊನೆಯ ಗಳಿಗೆವರೆಗೂ ಯಾವ ಹೊಡೆತ ಅಂತ ತಿಳಿಯಲು ಬಿಡ್ತಿರಲಿಲ್ಲ. ಅಂದರೆ ಎದುರಿನವರನ್ನು ತಾವು ಓದುತ್ತಿದ್ದರು, ತಮ್ಮನ್ನು ಓದಲು ಕೊಡ್ತಿರಲಿಲ್ಲ.

ಆಗ ಒಂದು ಆಟಕ್ಕೆ 15 ಅಂಕ. ಸರ್ವಿಸ್ ಮಾಡಿದವರಿಗೆ ಮಾತ್ರ ಅಂಕ ಸಿಗುತ್ತಿತ್ತು. (ಎಲ್ಲ ಹೊಡೆದಾಟಕ್ಕೂ ಅಂಕ, ಆಟಕ್ಕೆ 21 ಅಂಕ ಎಂಬ ನಿಯಮ ಬಂದದ್ದು 2006ರಲ್ಲಿ.) ಪ್ರಕಾಶ್ ಮೊದಲ ಆಟವನ್ನು 15–3ರಿಂದ ಗೆದ್ದರು. ಎರಡನೆಯದನ್ನು 15–10ರಿಂದ ಗೆದ್ದರು. ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯ ಅವರೇ.

ಇದರಿಂದ ಸ್ಮ್ಯಾಷ್ ಬೇಡ ಅಂತ ಅರ್ಥ ಅಲ್ಲ. ಕಿಂಗ್ 1981ರಲ್ಲಿ ಮತ್ತೆ ಬಂದು ಪ್ರಕಾಶರನ್ನೇ ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಶಕ್ತಿಯೂ ಬೇಕು, ಯುಕ್ತಿಯೂ ಬೇಕು. ಆದರೆ ಯುಕ್ತಿ ಮೊದಲು ಹೋಗಿ ದಾರಿ ಮಾಡಬೇಕು. ಶಕ್ತಿ ಅದರ ಹಿಂದೆ ಬರಬೇಕು.

'ನಮ್ಮ ಹುಡುಗಿಗೆ ಬಲ ಇಲ್ಲ'

ಪಾಠಕ್ಕೆ ಬರುವ ಒಬ್ಬ ತಾಯಿ ನಮ್ಮನ್ನು ಕೇಳಿದರು: 'ಮೇಷ್ಟ್ರೇ, ನನ್ನ ಮಗಳು ಬ್ಯಾಟು ಕೇಳ್ತಾಳೆ. ಸ್ಮ್ಯಾಷ್ ಗೀಷ್ ಎಲ್ಲ ಗಂಡುಹುಡುಗರ ಆಟ. ಇವಳ ಕೈಯಲ್ಲಿ ಬಲ ಎಲ್ಲಿದೆ?'

ಅಮ್ಮಾ, ಅಶ್ವಿನಿ ಪೊನ್ನಪ್ಪ ಅವರ ಹೆಸರು ಕೇಳಿ. ಕೊಡವ ಮನೆತನದ ಹೆಣ್ಣುಮಗಳು. 1989ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಜೋರು ಸ್ಮ್ಯಾಷ್‌ಗೇ ಹೆಸರು ಮಾಡಿದರು. ಜ್ವಾಲಾ ಗುಟ್ಟಾ ಅವರ ಜೊತೆ ಸೇರಿ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. 2011ರಲ್ಲಿ ಲಂಡನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಅಲ್ಲಿ ಅದಕ್ಕೆ ಮೊದಲು ಭಾರತಕ್ಕೆ ಪದಕ ತಂದವರು ಪ್ರಕಾಶ್ ಒಬ್ಬರೇ, 1983ರಲ್ಲಿ. 28 ವರ್ಷದ ಮೇಲೆ ಎರಡನೇ ಪದಕ ತಂದವರು ಈ ಇಬ್ಬರು ಹೆಣ್ಣುಮಕ್ಕಳು!

ಎತ್ತರ ಇದ್ದರೆ ಸ್ಮ್ಯಾಷ್‌ಗೆ ಲಾಭ ನಿಜ. ಕಾರ್ಕಳದ ಹತ್ತಿರದ ಸಾಣೂರಿನ ಆಯುಷ್ ಶೆಟ್ಟಿ ಬಹಳ ಎತ್ತರ. ಅವರ ಸ್ಮ್ಯಾಷ್ ಮೇಲಿನಿಂದ ಕಡಿದಾಗಿ ಇಳಿಯುತ್ತೆ. ಅವರು 2025ರಲ್ಲಿ ಅಮೆರಿಕದ ಯು.ಎಸ್. ಓಪನ್ ಗೆದ್ದರು. ಆದರೆ ಎತ್ತರ ನಾವು ಬೇಡಿದಷ್ಟು ಸಿಗೋದಿಲ್ಲ. ಸರಿಯಾದ ಹೆಜ್ಜೆ, ಮುಂಗೈ ತಿರುವು, ಮೊದಲೇ ನೋಡುವ ಕಣ್ಣು ಇವು ಕಲಿತರೆ ಬರುತ್ತವೆ. ಹುಡುಗನಿಗೂ ಬರುತ್ತವೆ, ಹುಡುಗಿಗೂ ಬರುತ್ತವೆ. ಹುಡುಗಿಗೆ ಬಾರದೇ ಹೋದರೆ ಅದಕ್ಕೆ ಕಾರಣ ಬಹಳ ಸಲ ಒಂದೇ. ನಾವು ಅವಳ ಕೈಗೆ ಬ್ಯಾಟು ಕೊಡಲಿಲ್ಲ. ಸಂಜೆ ಆಗುತ್ತಲೇ 'ಒಳಗೆ ಬಾ, ಕಸ ಗುಡಿಸು' ಅಂತ ಕರೆದೆವು.

ಮನೆ ಮುಂದೆ ಅಭ್ಯಾಸ

ಇದಕ್ಕೆ ದೊಡ್ಡ ಖರ್ಚು ಬೇಡ.

1. ಮರದ ಕೊಂಬೆಗೆ ದಾರ ಕಟ್ಟಿ ಹಳೆ ಶಟಲ್ ತೂಗುಬಿಡಿ. ಬ್ಯಾಟು ಹಿಡಿದ ಕೈ ಪೂರ್ತಿ ಚಾಚಿದಾಗ ಸಿಗುವಷ್ಟು ಎತ್ತರ ಇರಲಿ. ದಿನಕ್ಕೆ 30 ಸಲ ಹೊಡೆಯಿರಿ. ಜೋರು ಬೇಡ, ಸರಿಯಾಗಿ ಹೊಡೆಯಿರಿ.

2. ಹಳೆ ಚೆಂಡನ್ನು ತಲೆಯ ಮೇಲಿನಿಂದ ದೂರ ಎಸೆಯಿರಿ. ಸ್ಮ್ಯಾಷ್‌ಗೂ ಇದಕ್ಕೂ ಮೈಯ ಓಟ ಒಂದೇ.

3. ಇಬ್ಬರು ಆಡಲಿ, ಮೂರನೆಯವರು ಪಕ್ಕದಲ್ಲಿ ಕೂರಲಿ. ಹೊಡೆಯುವ ಮೊದಲೇ 'ಹಿಂದೆ', 'ಮುಂದೆ', 'ಸ್ಮ್ಯಾಷ್' ಅಂತ ಕೂಗಿ ಹೇಳಲಿ. ಹತ್ತರಲ್ಲಿ ಎಷ್ಟು ಸರಿ ಅಂತ ಲೆಕ್ಕ ಬರೆಯಿರಿ. ಜಗುಲಿ ಮೇಲೆ ಕೂತ ಅಜ್ಜಿಯೂ ಈ ಆಟ ಆಡಬಹುದು. ವಾರ ಕಳೆದರೆ ಲೆಕ್ಕ ಏರೋದು ನಿಮಗೇ ಕಾಣುತ್ತೆ.

ಬಯಲಿನಲ್ಲಿ ಗಾಳಿ ಇದ್ದರೆ ಗರಿ ಶಟಲ್ ನಿಲ್ಲೋದಿಲ್ಲ. ಅಲ್ಲಿಗೆ ಪ್ಲಾಸ್ಟಿಕ್ ಶಟಲ್ ಸಾಕು. ಹವಾಯಿ ಚಪ್ಪಲಿ ಹಾಕಿ ನೆಗೆಯಬೇಡಿ, ಕಾಲು ಉಳುಕುತ್ತೆ. ಆಡುವ ಮೊದಲು ಐದು ನಿಮಿಷ ಕೈಕಾಲು ಸಡಿಲ ಮಾಡಿ. ಹತ್ತಿರದಿಂದ ಮುಖಕ್ಕೆ ಸ್ಮ್ಯಾಷ್ ಹೊಡೆಯಬೇಡಿ. ಶಟಲ್ ಚಿಕ್ಕದು, ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ.

ನಮ್ಮ ದಸರಾ ಕ್ರೀಡಾಕೂಟದಲ್ಲಿ ಶಟಲ್ ಬ್ಯಾಡ್ಮಿಂಟನ್ ಕೂಡ ಇರುತ್ತೆ. ಈ ಸಲ ಜಂಬೂಸವಾರಿಯ ಜೊತೆ ಆ ಪಂದ್ಯವನ್ನೂ ಮಕ್ಕಳಿಗೆ ತೋರಿಸಿ. ಶಟಲ್ ನೋಡಬೇಡಿ, ಆಟಗಾರರ ಭುಜ ನೋಡಿ. ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗಿ.

ಹೊಸ ಪದಗಳು

ಸ್ಮ್ಯಾಷ್ – ತಲೆಯ ಮೇಲಿನಿಂದ ಜೋರಾಗಿ ಕೆಳಕ್ಕೆ ಹೊಡೆಯುವ ಹೊಡೆತ
ಅಂಕಣ – ಆಟ ಆಡಲು ಗೆರೆ ಎಳೆದ ಜಾಗ
ಗ್ರಹಿಸು – ಸೂಚನೆ ನೋಡಿ ತಿಳಿದುಕೊಳ್ಳು
ನುರಿತವರು – ಬಹಳ ಅಭ್ಯಾಸ ಇರುವವರು

ಓದಿ, ಉತ್ತರ ಹೇಳಿ

1. ಶಟಲ್‌ಗೆ ಎಷ್ಟು ಗರಿ ಇರುತ್ತೆ?
2. ವೇಗಕ್ಕೂ ಬೇಗಕ್ಕೂ ಏನು ವ್ಯತ್ಯಾಸ?
3. ನುರಿತ ಆಟಗಾರರು ಬ್ಯಾಟಿನ ಜೊತೆಗೆ ಇನ್ನೇನು ನೋಡ್ತಾರೆ?
4. ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಗೆದ್ದದ್ದು ಯಾವ ವರ್ಷ? ಯಾರ ಮೇಲೆ?
5. ನಿಮ್ಮ ಬೀದಿಯಲ್ಲಿ ಶಟಲ್ ಆಡುವ ಹುಡುಗಿಯರು ಎಷ್ಟು ಜನ? ಎಣಿಸಿ ಬರೆಯಿರಿ. ಕಡಿಮೆ ಇದ್ದರೆ ಯಾಕೆ ಅಂತ ಮನೆಯಲ್ಲಿ ಮಾತಾಡಿ.